ಪೇಟೆಯ ಹಳೇ ಸೆಲೂನ್ ಕಟ್ಟಡದ ವಯಸ್ಸು ಪತ್ತೆ ಮಾಡುವುದು ಹೇಗೆ

ಕೊಡಗಿನ ಸೋಮವಾರಪೇಟೆ, ಸುಂಟಿಕೊಪ್ಪ, ಸಿದ್ದಾಪುರ ಕಡೆ ಹೆಂಚಿನ ಮಾಡು ಬಿಚ್ಚಿ ಕಟ್ಟುವುದು ನನ್ನ ಕೆಲಸ. ಮಳೆ ಹಿಡಿಯುವ ಮುಂಚೆ ಪೇಟೆ ಬೀದಿಯ ಹಳೇ ಅಂಗಡಿ ಸಾಲುಗಳ ಮೇಲೆಯೇ ನನ್ನ ವಾಸ. ಆ ಸಾಲಿನಲ್ಲಿ ಒಂದು ಸೆಲೂನ್ ಇದ್ದೇ ಇರುತ್ತದೆ: ಮುಂದೆ ಜಗಲಿ, ಒಳಗೆ ಎದುರುಬದುರು ಕನ್ನಡಿ, ಮೇಲೆ ಅಟ್ಟ. "ಮೇಸ್ತ್ರಿಗಳೇ, ಇದು ಯಾವ ಕಾಲದ್ದು?" ಎಂದು ಕೇಳದ ಮಾಲೀಕರು ಕಡಿಮೆ. ಕೇಳುವವರೆಲ್ಲ ಮುಂಭಾಗವನ್ನೇ ತೋರಿಸುತ್ತಾರೆ. ಬಣ್ಣ, ಬೋರ್ಡು, ರೋಲಿಂಗ್ ಶಟರ್ ಎಂದು ಅದು ಎಷ್ಟೋ ಸಲ ವೇಷ ಬದಲಿಸಿರುತ್ತದೆ. ನೀವು ಅಟ್ಟ ಹತ್ತಿ.

ಕೈಯಲ್ಲಿ ಟಾರ್ಚ್, ಅಳತೆ ಟೇಪು ಇರಲಿ. ಹೆಂಚಿನ ತಳಭಾಗದಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಹೆಸರಿನ ಜೊತೆ 1865 ಎಂದು ಕಂಡ ಕೂಡಲೇ ಕಟ್ಟಡವೂ ಅದೇ ವರ್ಷದ್ದು ಎಂದು ಕುಣಿಯಬೇಡಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಸುಟ್ಟ ಹೆಂಚಿಗೂ ಅದನ್ನೇ ಒತ್ತುತ್ತಿದ್ದರು. ಕಾಮನ್‌ವೆಲ್ತ್ ಎಂಬ ಅಚ್ಚು ಸಿಕ್ಕರೆ ಅದು ಇನ್ನೂ ಉಪಯೋಗದ್ದು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿ, ಕಾಮನ್‌ವೆಲ್ತ್ ಟ್ರಸ್ಟ್ ವಶಕ್ಕೆ ಬಂದವು. ಹಾಗಾಗಿ ಆ ಹೆಂಚು ಯುದ್ಧ ಮುಗಿದ ಮೇಲಿನದು.

ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಂಚು ಸಿಗುವುದು ಮಾಮೂಲು. ನಮ್ಮಲ್ಲಿ ಮುಂಗಾರಿನ ಗಾಳಿಮಳೆ ಪಡುವಣದಿಂದ ಹೊಡೆಯುತ್ತದೆ, ಆ ಕಡೆಯ ಹೆಂಚು ಮತ್ತೆ ಮತ್ತೆ ಬದಲಾಗಿರುತ್ತದೆ. ಮೂಡಣ ಇಳಿಜಾರಿನಲ್ಲಿ ಹೆಚ್ಚಾಗಿ ಯಾವ ಅಚ್ಚು ಇದೆಯೋ ಅದನ್ನು ಬರೆದಿಟ್ಟುಕೊಳ್ಳಿ.

ಈಗ ಪಕ್ಕಾಸುಗಳನ್ನು, ಅಂದರೆ ಮಾಡಿನ ಇಳಿಜಾರಿನುದ್ದಕ್ಕೂ ಇರುವ ಮರದ ತುಂಡುಗಳನ್ನು, ನೋಡಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಮಂಗಳೂರು ಹೆಂಚಿಗೆ ರೀಪುಗಳ (ಪಕ್ಕಾಸಿನ ಮೇಲೆ ಅಡ್ಡಕ್ಕೆ ಹೊಡೆದು ಹೆಂಚು ಕೂರಿಸುವ ಪಟ್ಟಿಗಳ) ನಡುವೆ ಒಂದಡಿ ಚಿಲ್ಲರೆ ಅಂತರ ಬೇಕು. ರೀಪು ಇಲ್ಲದ ಜಾಗದಲ್ಲೂ ಪಕ್ಕಾಸಿನ ಮೇಲೆ ಒತ್ತೊತ್ತಾಗಿ ಹಳೇ ಮೊಳೆ ತೂತುಗಳಿದ್ದರೆ, ಮುಂಚೆ ಊರಲ್ಲೇ ಮಾಡಿದ ಸಣ್ಣ ನಾಡಹೆಂಚು ಹೊದಿಸಿದ್ದರೆಂದು ನಾನು ಲೆಕ್ಕ ಹಾಕುತ್ತೇನೆ. ಅಂದರೆ ಗೋಡೆ ಹೆಂಚಿಗಿಂತ ಹಳತು. ಆದರೆ ತೂತು ಪಕ್ಕಾಸಿಗೊಂದು ರೀತಿ ಇದ್ದರೆ ಅದು ಬೇರೆ ಮನೆ ಬಿಚ್ಚಿ ತಂದ ಮರ. ಕೊಡಗಿನಲ್ಲಿ ಒಳ್ಳೇ ಬೀಟೆ, ಹಲಸಿನ ತೊಲೆಯನ್ನು ಯಾರೂ ಒಲೆಗೆ ಹಾಕುತ್ತಿರಲಿಲ್ಲ. ಮರ ಕೆತ್ತುವ ಬಾಚಿಯ ಗುರುತು ನೋಡಿ ಪುರಾತನ ಅನ್ನುವುದೂ ಬೇಡ, ಬಾಚಿ ನನ್ನ ಚೀಲದಲ್ಲೂ ಇದೆ.

ಕಬ್ಬಿಣದ ತೊಲೆ ಇದ್ದರೆ ಧೂಳು ಒರೆಸಿ ಅಚ್ಚು ಓದಿ. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನ ಮಾಲು.

ಗೋಡೆಗೆ ಬಂದರೆ, ಕನ್ನಡಿ ಹಿಂದಿನ ಮೂಲೆಯಲ್ಲಿ ನಾಣ್ಯದಿಂದ ಸ್ವಲ್ಪ ಕೆರೆಯಿರಿ. ಬೆಳ್ಳಗೆ ಮೆತ್ತಗೆ ಉದುರಿದರೆ ಸುಣ್ಣದ ಗಾರೆ, ಬೂದು ಬಣ್ಣದ ಗಟ್ಟಿ ಪದರವಾದರೆ ಸಿಮೆಂಟು. ಕನ್ನಡಿ ಇಳಿಸುವ ಅವಕಾಶ ಸಿಕ್ಕರಂತೂ ಬಿಡಬೇಡಿ. ಹಿಂಬದಿಯ ಹಲಗೆಗೆ ಸಂದಿ ತುಂಬಲು ಹಳೇ ಪೇಪರ್ ತುರುಕಿರುತ್ತಾರೆ. ಅದರ ತಾರೀಕಿಗಿಂತ ಮುಂಚೆ ಆ ಕನ್ನಡಿ ಅಲ್ಲಿ ಕೂತಿರಲು ಸಾಧ್ಯವಿಲ್ಲ. ಬಾಗಿಲ ಹೊಸ್ತಿಲಲ್ಲಿ ಹಲಗೆ ಕೂರಿಸುವ ಉದ್ದ ತೋಡು ಕೊರೆದಿದ್ದರೆ, ಶಟರ್ ಬರುವ ಮುಂಚೆ ಅಂಗಡಿಯನ್ನು ಹಲಗೆ ಜೋಡಿಸಿ ಮುಚ್ಚುತ್ತಿದ್ದರು.

ಹಿರಿಯರನ್ನು ಮಾತಾಡಿಸಲು ಸೆಲೂನಿನ ಬೆಂಚಿಗಿಂತ ಒಳ್ಳೇ ಜಾಗವಿಲ್ಲ. ಯಾವ ಇಸವಿ ಎಂದು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ. "ಅಜ್ಜ, ಮೊದಲ ಸಲ ಇಲ್ಲಿ ಕೂತಾಗ ಕೊಟ್ಟದ್ದು ಆಣೆಯಾ, ನಯಾಪೈಸೆಯಾ?" ಎಂದು ಕೇಳಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಆಣೆಯೂ ಕೆಲವು ವರ್ಷ ಜೊತೆಗೇ ಓಡಿತು. ಹಾಗಾಗಿ ಇನ್ನೊಂದು ಪ್ರಶ್ನೆ: ಆಗ ಕೊಡಗು ಬೇರೆ ರಾಜ್ಯವಾಗಿತ್ತಾ, ಮೈಸೂರಿಗೆ ಸೇರಿತ್ತಾ? ಸೇರಿದ್ದು 1956ರ ನವೆಂಬರ್ 1ರಂದು. ಪೂಣಚ್ಚನವರು ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ನೆನಪಿರುವವರಿಗೆ ಇದು ತಟ್ಟನೆ ಹೊಳೆಯುತ್ತದೆ.

ಕಡೆಗೆ ಕಾಗದ. ಪಂಚಾಯಿತಿಯ ಕಂದಾಯ ಪುಸ್ತಕ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ, ಇವೆರಡೂ ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೆ ಏರದ ಹಳೇ ವರ್ಷಗಳಿಗೆ ಕೈಬರಹದ ಪುಸ್ತಕ ಹುಡುಕಿಸಲು ಬೇರೆ ಅರ್ಜಿ ಕೊಡಿ. ಸೆಲೂನಿನ ಸ್ವಂತ ಕ್ರಯಪತ್ರ ಸಿಗದಿದ್ದರೆ ಪಕ್ಕದ ಅಂಗಡಿಯದನ್ನು ಕೇಳಿ ನೋಡಿ. ಅದರ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿಗೆ ಏನಿದೆ ಎಂಬ ಗಡಿ ವಿವರದಲ್ಲಿ) "ಪೂರ್ವಕ್ಕೆ ಕ್ಷೌರದಂಗಡಿ" ಎಂದು ಬರೆದಿದ್ದರೆ, ಆ ತಾರೀಕಿಗೆ ಅಂಗಡಿ ಅಲ್ಲಿತ್ತು ಎನ್ನಲು ಬೇರೆ ಸಾಕ್ಷಿ ಬೇಡ. ಇನ್ನೂ ಹಳೇ ಪತ್ರದಲ್ಲಿ ಅದೇ ದಿಕ್ಕಿಗೆ "ಖಾಲಿ ನಿವೇಶನ" ಎಂದಿದ್ದರೆ, ಕಟ್ಟಿದ್ದು ಆ ಎರಡು ತಾರೀಕುಗಳ ನಡುವೆ. ಅಟ್ಟದಲ್ಲಿ ಬರೆದುಕೊಂಡ ಹೆಂಚಿನ ಅಚ್ಚನ್ನು ಆಗ ಪಕ್ಕಕ್ಕಿಟ್ಟು ತಾಳೆ ಹಾಕಿ.