ಕೋರಲ್ ಯಾವ ವರ್ಷನ್ ಕೊಳ್ಳಬೇಕು? ಮೊದಲು ಪ್ರೆಸ್ಸಿಗೆ ಹೋಗಿ ಬನ್ನಿ

ಶಿವಮೊಗ್ಗದಲ್ಲಿ ಹೊಸದಾಗಿ ಡಿಟಿಪಿ (ಕಂಪ್ಯೂಟರಲ್ಲಿ ಪತ್ರಿಕೆ, ಬ್ಯಾನರ್ ವಿನ್ಯಾಸ ಮಾಡುವ) ಅಂಗಡಿ ಹಾಕುವವರು ಮೊದಲು ಸಾಫ್ಟ್‌ವೇರ್ ಕೊಳ್ಳುತ್ತಾರೆ, ಆಮೇಲೆ ಪ್ರೆಸ್ ಹುಡುಕುತ್ತಾರೆ. ಹೇಗೂ ದುಡ್ಡು ಕೊಡ್ತೀವಲ್ಲ, ಲೇಟೆಸ್ಟೇ ಇರಲಿ ಅಂತ ವಿನ್ಯಾಸ ಮಾಡುವ ಸಾಫ್ಟ್‌ವೇರ್ ಕೋರಲ್ ಡ್ರಾದ ಹೊಸ ವರ್ಷನ್ ತರುತ್ತಾರೆ. ಲಗ್ನಪತ್ರಿಕೆ ಮಾಡಿ ಪೆನ್‌ಡ್ರೈವ್ ಹಿಡಿದು ಹೋದರೆ ಪ್ರೆಸ್ಸಿನ ಹುಡುಗ ಹೇಳುತ್ತಾನೆ: "ಅಣ್ಣಾ, ಇದು ಓಪನ್ ಆಗ್ತಿಲ್ಲ. ಎಕ್ಸ್7ಗೆ ಸೇವ್ ಮಾಡ್ಕೊಂಡು ಬನ್ನಿ." ಅಷ್ಟರಲ್ಲಿ ಸಾಗರದಿಂದ ಮದುವೆ ಮನೆಯವರ ಫೋನ್ ಶುರುವಾಗಿರುತ್ತದೆ.

ಮೊದಲ ಕೆಲಸ: ಪ್ರೆಸ್ಸಿನವರನ್ನು ಕೇಳಿ

ನಿಮ್ಮ ಫೈಲು ಎಲ್ಲಿ ಪ್ರಿಂಟ್ ಆಗುತ್ತದೆ? ಪ್ಲೇಟ್ ಹಾಕಿ ಕಾಗದಕ್ಕೆ ಹೊಡೆಯುವ ಆಫ್‌ಸೆಟ್ಟಾ, ಬ್ಯಾನರಿನ ಫ್ಲೆಕ್ಸಾ, ಎರಡೂನಾ? ಅಲ್ಲಿಗೇ ಹೋಗಿ ಕೇಳಿ: ನಿಮ್ಮ ಹತ್ತಿರ ಯಾವ ವರ್ಷನ್ ಇದೆ, ಪಿಡಿಎಫ್ ಕೊಟ್ಟರೆ ತಗೊಳ್ತೀರಾ, ಕನ್ನಡಕ್ಕೆ ಯಾವ ಫಾಂಟ್? ಎಕ್ಸ್7 ಎಂಬ ಕೋರಲ್ ವರ್ಷನ್ ಬಂದಿದ್ದು 2014ರಲ್ಲಿ. ಇವತ್ತಿಗೂ ಅದರಲ್ಲೇ ದುಡಿಯುವ ಪ್ರೆಸ್‌ಗಳಿವೆ, ಅದರಲ್ಲಿ ತಪ್ಪೇನೂ ಇಲ್ಲ. ಪಿಡಿಎಫ್ ಸಾಕು ಎಂದರೆ ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಹೋಯಿತು. ಕೋರಲ್‌ನದೇ ಆದ ಸಿಡಿಆರ್ ಫೈಲೇ ಬೇಕು ಎಂದರೆ ಮುಂದಿನದನ್ನು ಗಮನ ಇಟ್ಟು ಓದಿ.

ಎರಡನೆಯದು: ಕನ್ನಡದ ಪರೀಕ್ಷೆ

ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕನ್ನಡ ಫಾಂಟುಗಳಲ್ಲಿ ಎರಡು ಜಾತಿ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ನುಡಿ, ಶ್ರೀಲಿಪಿಯ ಹಳೇ ಫಾಂಟುಗಳು ಆಸ್ಕಿ. ಒಳಗೆ ಇರುವುದೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗ, ಮೇಲೆ ಕನ್ನಡದ ರೂಪ. ಅದಕ್ಕೇ ಅವು ಎಷ್ಟೇ ಹಳೆಯ ಕೋರಲ್ ಇರಲಿ, ಹಳೇ ಪುಟವಿನ್ಯಾಸದ ಪೇಜ್‌ಮೇಕರ್ ಇರಲಿ, ತಕರಾರಿಲ್ಲದೆ ಮೂಡುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದರೆ ಮಾತ್ರ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಇನ್ನೊಂದು ಜಾತಿ ಯೂನಿಕೋಡ್. ಗಿರಾಕಿ ವಾಟ್ಸಾಪಲ್ಲಿ ಕಳಿಸುವ ಮ್ಯಾಟರ್ ಎಲ್ಲ ಇದೇ. ಇಲ್ಲಿ ಒತ್ತಕ್ಷರ, ಕಾಗುಣಿತ ಕೂಡಿಸುವ ಕೆಲಸ ಸಾಫ್ಟ್‌ವೇರಿನದು. ಕೋರಲ್‌ನಲ್ಲಿ ನಮ್ಮಂಥ ಲಿಪಿಗಳಿಗೆ ಆ ಬಲ ಬಂದಿದ್ದು 2012ರ ಎಕ್ಸ್6ರಲ್ಲಿ. ಅದಕ್ಕಿಂತ ಹಳೆಯದು ಯಾರಾದರೂ ಸುಮ್ನೆ ಕೊಟ್ಟರೂ ಯೂನಿಕೋಡ್ ಕೆಲಸಕ್ಕೆ ಬೇಡ.

ಪರೀಕ್ಷೆ ಹೀಗೆ ಮಾಡಿ. ಕೋರಲ್ 15 ದಿನ, ಕೋರಲ್‌ನಂಥದೇ ಕೆಲಸದ ಇಲ್ಲಸ್ಟ್ರೇಟರ್ ಮಾಡುವ ಅಡೋಬಿ ಕಂಪನಿ 7 ದಿನ ಪುಕ್ಕಟೆ ಟ್ರಯಲ್ ಕೊಡುತ್ತವೆ. ಹಾಕಿಕೊಂಡು ಒಂದು ಯೂನಿಕೋಡ್ ಫಾಂಟಿನಲ್ಲಿ, ನೋಟೋ ಆಗಲಿ ಬಾಲೂ ತಮ್ಮ ಆಗಲಿ, ಈ ಮೂರು ಟೈಪ್ ಮಾಡಿ: ತೀರ್ಥಹಳ್ಳಿ, ಜ್ಯೇಷ್ಠ ಪುತ್ರಿ, ಗೃಹಪ್ರವೇಶ. 'ತೀರ್ಥ'ದ ಅರ್ಕಾವತ್ತು 'ಥ' ಆದ ಮೇಲೆ ಕೂರಬೇಕು. 'ಷ್ಠ'ದ ಒತ್ತು ಕೆಳಗಿಳಿಯಬೇಕು. 'ಷ್‌ಠ' ಅಂತ ಬಿಡಿ ಬಿಡಿಯಾಗಿ ಬಂದರೆ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲ ಎಂದೇ ಅರ್ಥ. ಇಲ್ಲಸ್ಟ್ರೇಟರ್‌ನಲ್ಲಿ ಹೀಗಾದರೆ ಗಾಬರಿ ಬೇಡ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಪ್ಷನ್ಸ್ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇದು ಗೊತ್ತಿಲ್ಲದೆ "ಅಡೋಬಿಯಲ್ಲಿ ಕನ್ನಡ ಬರಲ್ಲ" ಎಂದು ಬೈದುಕೊಂಡು ಓಡಾಡುವವರು ಬಹಳ.

ಅಕ್ಷರ ಸರಿ ಬಂತಾ? ಈಗ ಅದೇ ಫೈಲನ್ನು ಹಳೇ ವರ್ಷನ್‌ಗೆ ಇಳಿಸಿ ನೋಡಿ. ಕೋರಲ್‌ನಲ್ಲಿ ಸೇವ್ ಆ್ಯಸ್ ಒತ್ತಿದಾಗ ವರ್ಷನ್ ಅಂತ ಒಂದು ಪಟ್ಟಿ ಬರುತ್ತದೆ. ಅಲ್ಲಿ ಎಕ್ಸ್7 ಎಂಬ ಹೆಸರು ಹುಡುಕಬೇಡಿ, 17 ಎಂದಿರುತ್ತದೆ. ಎಕ್ಸ್6 ಎಂದರೆ 16, ಎಕ್ಸ್5 ಎಂದರೆ 15. ಪ್ರೆಸ್ಸಿನವರದ್ದು ಎಷ್ಟೋ ಅಷ್ಟಕ್ಕೆ ಸೇವ್ ಮಾಡಿ. ಅದಕ್ಕೂ ಮೊದಲು ಅಕ್ಷರಗಳನ್ನೆಲ್ಲ ಆರಿಸಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ. ಕರ್ವ್ ಆದ ಅಕ್ಷರ ಬರೀ ಚಿತ್ರ, ಫಾಂಟಿನ ಹಂಗಿಲ್ಲ. ಆದರೆ ಮುಹೂರ್ತದ ಟೈಮ್ ತಿದ್ದಬೇಕು ಅಂತ ಮದುಮಗನ ಮಾವ ಫೋನ್ ಮಾಡಿದರೆ ಅದರಲ್ಲಿ ತಿದ್ದಲು ಆಗುವುದಿಲ್ಲ. ಮೂಲ ಫೈಲ್ ಬೇರೆ ಇಡಿ, ಪ್ರೆಸ್ಸಿನ ಫೈಲ್ ಬೇರೆ ಇಡಿ. ಆ ಇಳಿಸಿದ ಫೈಲನ್ನು ಪ್ರೆಸ್ಸಿಗೇ ಒಯ್ದು ಅವರ ಕಂಪ್ಯೂಟರಲ್ಲಿ ತೆರೆಸಿ. ನೆರಳು, ಪಾರದರ್ಶಕ ಬಣ್ಣ ಹಾಕಿದ್ದರೆ ಅದನ್ನೇ ಮೊದಲು ನೋಡಿ. ಹೊಸ ಇಫೆಕ್ಟು ಹಳೆಯದಕ್ಕೆ ಇಳಿಯುವಾಗ ಕೈಕೊಡುವುದು ಅಲ್ಲೇ.

ಇಷ್ಟು ಪಾಸಾದರೆ ಆ ವರ್ಷನ್ ನಿಮಗೆ ಆಗುತ್ತದೆ. ಹೊಸ ಅಂಗಡಿ ಎಂದರೆ ಯೂನಿಕೋಡ್‌ನಲ್ಲೇ ಶುರು ಮಾಡಿ, ಈ ವಿಷಯದಲ್ಲಿ ನಾನು ಹಠಮಾರಿ. ವಾಟ್ಸಾಪ್ ಮ್ಯಾಟರನ್ನು ಆಸ್ಕಿಗೆ ಕನ್ವರ್ಟ್ ಮಾಡಿ, ಎಲ್ಲಿ ಒತ್ತು ಹಾರಿದೆ ಎಂದು ಹುಡುಕುತ್ತಾ ಕೂರುವುದು ಬೇಡದ ಕೆಲಸ. ನುಡಿಯನ್ನು ಹಳೇ ಫೈಲ್ ತೆರೆಯಲು ಇಟ್ಟುಕೊಳ್ಳಿ, ಸಾಕು.

ಬಾಡಿಗೆಯೋ, ಸ್ವಂತವೋ

ಅಡೋಬಿ 2013ರಿಂದ ಬಾಡಿಗೆ ಲೆಕ್ಕಕ್ಕೆ ಹೋಯಿತು. ದುಡ್ಡು ಕಟ್ಟಿ ಸ್ವಂತ ಮಾಡಿಕೊಳ್ಳಬಹುದಾಗಿದ್ದ ಕೊನೆಯದು ಸಿಎಸ್6. ಬಾಡಿಗೆಯದು ಆಗಾಗ ಇಂಟರ್ನೆಟ್‌ನಲ್ಲಿ ಲೈಸೆನ್ಸ್ ತಾಳೆ ನೋಡುತ್ತದೆ. ಹೊಸನಗರದ ಕಡೆ ಆಷಾಢದಲ್ಲಿ ಮರ ಬಿದ್ದು ಕರೆಂಟು, ನೆಟ್ ಎರಡೂ ಹೋಗುವ ಊರಲ್ಲಿ ಅಂಗಡಿ ಇದ್ದರೆ ಇದನ್ನು ಯೋಚಿಸಿ. ಕಂತು ತಪ್ಪಿದರೂ ಬಾಗಿಲು ಹಾಕಿದ ಹಾಗೇ. ಮದುವೆ ಸೀಸನ್ ಮುಗಿದ ಮೇಲೆ ಮಳೆಗಾಲದಲ್ಲಿ ಕೆಲಸ ಕಮ್ಮಿ, ಕಂತು ಕಮ್ಮಿ ಆಗುವುದಿಲ್ಲ ಅಲ್ವಾ? ಒಂದೇ ಸಲ ಕೊಳ್ಳುವ ಅವಕಾಶ ಇದ್ದರೆ ಅದನ್ನೇ ಆರಿಸಿ ಎನ್ನುತ್ತೇನೆ.

ಕೋರಲ್ ಡ್ರಾ ಹೆಸರಲ್ಲೇ ಕಡಿಮೆ ಬೆಲೆಯ, ಕೈಕಾಲು ಕತ್ತರಿಸಿದ ಆವೃತ್ತಿಗಳೂ ಸಿಗುತ್ತವೆ. ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿಯ ಲೆಕ್ಕ) ಬಣ್ಣ, ಕಲರ್ ಸಪರೇಷನ್ (ಆ ನಾಲ್ಕನ್ನು ಬೇರೆ ಬೇರೆ ಬಿಡಿಸುವುದು) ಇದೆಯಾ ಎಂದು ಕೇಳದೆ ಮುಟ್ಟಬೇಡಿ. ಸ್ಕ್ರೀನಲ್ಲಿ ಮಿಂಚುವ ಅಡಿಕೆ ತೋಟದ ಹಸಿರು ಆಫ್‌ಸೆಟ್‌ನಲ್ಲಿ ಪಾಚಿ ಬಣ್ಣವಾಗಿ ಬಂದರೆ ಗಿರಾಕಿ ಬೈಯುವುದು ನಿಮಗೇ.

ಇನ್ನು "ಸಾವಿರ ರೂಪಾಯಿಗೆ ಲೈಫ್‌ಟೈಮ್ ಕೀ" ಮತ್ತು ಕ್ರ್ಯಾಕ್, ಅಂದರೆ ಲೈಸೆನ್ಸಿನ ಬೀಗ ಮುರಿದ ಕಳ್ಳ ಕಾಪಿ. ಇದೇ ಸುಲಭ ಎಂದು ಹೇಳುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಕ್ರ್ಯಾಕಿನ ಜೊತೆ ಬರುವ ವೈರಸ್ಸು ಬೇರೆ.

ದುಡ್ಡೇ ಇಲ್ಲವೆಂದರೆ ಇಂಕ್‌ಸ್ಕೇಪ್ ಪುಕ್ಕಟೆ, ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ, ಸಿಎಂವೈಕೆಯಲ್ಲಿ ಸೋಲುತ್ತದೆ. ಸಿಎಂವೈಕೆಗೆ ಪುಕ್ಕಟೆಯದೇ ಆದ ಸ್ಕ್ರೈಬಸ್ ಇದೆ, ಕಲಿಯಲು ತಾಳ್ಮೆ ಬೇಕು. ವಾಟ್ಸಾಪ್ ಕರೆಯೋಲೆ ಮಾತ್ರ ಮಾಡುವವರಿಗೆ ಕ್ಯಾನ್ವಾ ಸಾಕು, ಇದನ್ನೆಲ್ಲ ಓದುವುದೇ ಬೇಡ.

ಕಂಪ್ಯೂಟರಿಗೆ 16 ಜಿಬಿ ರ್‍ಯಾಮ್ ಹಾಕಿಸಿ, ಕೈಲಾದರೆ ವಿಂಡೋಸ್ 11. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ.

ಕೊಳ್ಳುವಾಗ ಬಿಲ್ ನಿಮ್ಮ ಹೆಸರಿಗಲ್ಲ, ಅಂಗಡಿ ಹೆಸರಿಗೆ ಮಾಡಿಸಿ. ಶೇ 18 ಜಿಎಸ್‌ಟಿ ಬೀಳುತ್ತದೆ, ನೋಂದಣಿ ಇದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸ್ ಪಡೆಯಬಹುದು. ಲೈಸೆನ್ಸ್ ಕೀಯನ್ನು ಮೇಲ್‌ನಲ್ಲಿ ಬಿಟ್ಟು ಸುಮ್ಮನಾಗಬೇಡಿ, ಬಿಲ್ಲಿನ ಹಿಂದೆ ಬರೆದು ಫೈಲಿಗೆ ಹಾಕಿ.