ಮಷಿನ್ ಓಡುತ್ತಿದ್ದರೆ ಸಾಕಾ?

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಸಣ್ಣ ಶೆಡ್ ನಡೆಸುವ ಯಾರನ್ನಾದರೂ ‘ಹೇಗಿದೆ ಕೆಲಸ’ ಅಂತ ಕೇಳಿ. ‘ಮಷಿನ್ ಓಡ್ತಾ ಇದೆ’ ಅನ್ನುತ್ತಾರೆ. ಮಷಿನ್ ಓಡುತ್ತಿದ್ದರೆ ಎಲ್ಲ ಚೆನ್ನಾಗಿದೆ, ನಿಂತರೆ ನಷ್ಟ, ಇಷ್ಟೇ ಲೆಕ್ಕ. ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಮಷಿನ್) ಇಟ್ಟುಕೊಂಡು ಪಂಪ್, ವಾಲ್ವ್ ಮಾಡುವವರಿಗೆ ಬುಷ್, ಸ್ಲೀವ್ (ಶಾಫ್ಟ್ ಸುತ್ತ ಕೂರುವ ಕೊಳವೆಯಂಥ ಭಾಗಗಳು), ನಟ್ ಮಾಡಿಕೊಡುವ ನಾನು ಈ ಲೆಕ್ಕ ಬಿಟ್ಟು ಬಹಳ ಕಾಲವಾಯಿತು. ಈಗ ಏನು ನೋಡುತ್ತೇನೆ ಅಂತ ಹೇಳುತ್ತೇನೆ.

ಗಿರಾಕಿಯಿಂದ ವಾರಕ್ಕೊಂದು ಶೆಡ್ಯೂಲ್ ಬರುತ್ತದೆ. ಐದಾರು ಬಗೆಯ ಐಟಂ, ಒಂದೊಂದೂ ಸ್ವಲ್ಪ ಸ್ವಲ್ಪ. ಒಂದು ಐಟಂ ಮುಗಿಸಿ ಇನ್ನೊಂದಕ್ಕೆ ಹೋಗಬೇಕೆಂದರೆ ಪೀಸನ್ನು ಹಿಡಿಯುವ ಚಕ್‌ನ ಹಲ್ಲು, ಅಂದರೆ ಜಾ, ಬದಲಿಸಬೇಕು, ಸಾಫ್ಟ್ ಜಾ ಆದರೆ ಪೀಸಿನ ಅಳತೆಗೆ ಬೋರ್ ಮಾಡಬೇಕು, ಟೂಲ್ ಹಾಕಬೇಕು, ಟೂಲಿನ ಅಳತೆ ಮಷಿನ್‌ಗೆ ತಿಳಿಸುವ ಆಫ್‌ಸೆಟ್ ಕೊಡಬೇಕು, ಮೊದಲ ಪೀಸ್ ತೆಗೆದು ಅಳತೆ ನೋಡಬೇಕು. ಅಷ್ಟು ಹೊತ್ತು ಮಷಿನ್ ನಿಂತಿರುತ್ತದೆ. ಅದಕ್ಕೇ ಎಲ್ಲರೂ ಮಾಡುವುದು ಒಂದೇ: ಒಮ್ಮೆ ಸೆಟ್ಟಿಂಗ್ ಆದರೆ 200 ಬೇಕಿದ್ದರೂ 1000 ಹೊಡೆದುಬಿಡುವುದು. ಕಾಗದದ ಮೇಲೆ ಪೀಸಿನ ಖರ್ಚು ಕಡಿಮೆ ಕಾಣುತ್ತದೆ.

ಆದರೆ ಗಿರಾಕಿಯವರ ಪಂಪ್ ಜೋಡಿಸಲು ಬುಷ್ ಜೊತೆ ಸ್ಲೀವ್ ಕೂಡ ಬೇಕು. ನಮ್ಮ ರ್‍ಯಾಕ್ ತುಂಬ ಬುಷ್ ಇದ್ದು ಸ್ಲೀವ್ ಇಲ್ಲದಿದ್ದರೆ ಅವರ ಪಂಪ್ ಹೊರಗೆ ಹೋಗುವುದಿಲ್ಲ. ಹೋಳಿಗೆ ಕೇಳಿದವರ ಮನೆಗೆ ಮೂಟೆಗಟ್ಟಲೆ ಚಕ್ಕುಲಿ ಕಳಿಸಿದ ಹಾಗೆ. ಟೊಯೊಟಾದ ಎಂಜಿನಿಯರ್ ತಾಯಿಚಿ ಓನೊ ಕಾರ್ಖಾನೆಯ ಏಳು ಬಗೆಯ ಪೋಲುಗಳನ್ನು ಪಟ್ಟಿ ಮಾಡಿದಾಗ ಬೇಕಾದ್ದಕ್ಕಿಂತ ಜಾಸ್ತಿ ಮಾಡುವುದನ್ನೇ ಎಲ್ಲಕ್ಕಿಂತ ಕೆಟ್ಟದ್ದು ಅಂದಿದ್ದು ಸುಮ್ನೆ ಅಲ್ಲ.

ಇದರಲ್ಲಿ ದುಡ್ಡಿನ ವಿಷಯವೂ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ. ಎಷ್ಟು ಜನ ಕೊಡುತ್ತಾರೆ ಅನ್ನುವುದು ಬೇರೆ ಮಾತು. ಆದರೆ ಆ ದಿನಗಳ ಎಣಿಕೆ ಶುರುವಾಗುವುದೇ ಗಿರಾಕಿ ಮಾಲು ತೆಗೆದುಕೊಂಡ ಮೇಲೆ. ರ್‍ಯಾಕಿನಲ್ಲಿ ಕೂತ 800 ಬುಷ್‌ಗೆ ಯಾವ ಕಾಯ್ದೆಯೂ ಅನ್ವಯಿಸುವುದಿಲ್ಲ. ಲೋಹದ ಬಾರ್ ಕೊಟ್ಟ ಅಂಗಡಿಯವನು ಮಾತ್ರ ತನ್ನ ದಿನಕ್ಕೆ ಸರಿಯಾಗಿ ಫೋನ್ ಮಾಡುತ್ತಾನೆ!

ನಾನು ಮೊದಲು ಬದಲಿಸಿದ್ದು ಗೋಡೆಯ ಬೋರ್ಡು. ಮಷಿನ್ ಎಷ್ಟು ಗಂಟೆ ಓಡಿತು ಅಂತ ಬರೆಯುವುದನ್ನು ನಿಲ್ಲಿಸಿ, ಈ ವಾರ ಯಾವ ಐಟಂ ಯಾವ ದಿನ ಹೋಗಬೇಕು, ಹೋಯಿತಾ ಇಲ್ಲವಾ ಅಂತ ಮಾತ್ರ ಬರೆಸಿದೆ. ಹೀಗೆ ಮಾಡಿದರೆ ದಿನಕ್ಕೆ ಎರಡು ಮೂರು ಸಲ ಸೆಟ್ಟಿಂಗ್ ಬದಲಿಸಬೇಕಾಗುತ್ತದೆ, ಹಳೆ ರೀತಿಯಲ್ಲಿ ಅದು ಸಾಧ್ಯವೇ ಇಲ್ಲ. ಹಾಗಾಗಿ ನಿಜವಾದ ಕೆಲಸ ಇದ್ದದ್ದು ಸೆಟ್ಟಿಂಗ್ ಸಮಯ ಇಳಿಸುವುದರಲ್ಲಿ.

ಇದಕ್ಕೆ ದಾರಿ ತೋರಿಸಿದವರು ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ. 1969ರಲ್ಲಿ ಟೊಯೊಟಾದ 1000 ಟನ್ ಪ್ರೆಸ್‌ನಲ್ಲಿ ಡೈ (ಅಚ್ಚು) ಬದಲಿಸಲು ಆಗುತ್ತಿದ್ದ 4 ಗಂಟೆಯನ್ನು ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದರು. ಗುಟ್ಟು ಸರಳ: ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಬಹುದಾದದ್ದು ಯಾವುದು ಅಂತ ಬೇರೆ ಮಾಡುವುದು. ನಮ್ಮಲ್ಲಿ ನೋಡಿದರೆ ಅರ್ಧ ಹೊತ್ತು ಹುಡುಕುವುದರಲ್ಲೇ ಹೋಗುತ್ತಿತ್ತು. ಅಲೆನ್ ಕೀ ಎಲ್ಲಿ, ಗೇಜ್ ಎಲ್ಲಿ, ಡ್ರಾಯಿಂಗ್ ಯಾರ ಹತ್ತಿರ ಇದೆ. ಈಗ ಪ್ರತಿ ಐಟಂಗೂ ಒಂದು ಟ್ರೇ. ಅದರಲ್ಲಿ ಬೋರ್ ಮಾಡಿ ನಂಬರ್ ಹೊಡೆದ ಜಾ, ಗೇಜ್, ಡ್ರಾಯಿಂಗ್, ಇನ್ಸರ್ಟ್ (ಟೂಲಿನ ತುದಿಗೆ ಹಾಕುವ, ಲೋಹ ಕತ್ತರಿಸುವ ತುಂಡು). ಹಿಂದಿನ ಐಟಂ ಓಡುತ್ತಿರುವಾಗಲೇ ಮುಂದಿನ ಟ್ರೇ ಮಷಿನ್ ಪಕ್ಕಕ್ಕೆ ಬರುತ್ತದೆ. ಎಲ್ಲಾ ಐಟಂಗೂ ಬೇಕಾಗುವ ಟೂಲ್‌ಗಳು ಟರೆಟ್‌ನಲ್ಲಿ, ಅಂದರೆ ಟೂಲ್ ಹಿಡಿಯುವ ತಿರುಗುವ ತಲೆಯಲ್ಲಿ, ತಂತಮ್ಮ ಜಾಗದಲ್ಲಿ ಖಾಯಂ, ಅವನ್ನು ಬಿಚ್ಚುವುದೇ ಇಲ್ಲ. ಹೊಸ ಮಷಿನ್ ಕೊಳ್ಳದೆ, ಅರ್ಧ ದಿನ ತಿನ್ನುತ್ತಿದ್ದ ಸೆಟ್ಟಿಂಗ್ ಒಂದು ಗಂಟೆಯೊಳಗೆ ಬಂತು.

ಕಷ್ಟವಾದದ್ದು ಜನರನ್ನು ಒಪ್ಪಿಸುವುದು. ಆಪರೇಟರ್‌ಗಳಿಗೆ ಇನ್ಸೆಂಟಿವ್ ಪೀಸ್ ಲೆಕ್ಕದಲ್ಲಿತ್ತು. ‘ಸಾರ್, ಇನ್ನೊಂದು ಇನ್ನೂರು ಹೊಡೀತೀನಿ, ಸೆಟ್ಟಿಂಗ್ ಹೇಗೂ ಇದೆಯಲ್ಲ’ ಅನ್ನುತ್ತಿದ್ದರು. ಅವರ ತಪ್ಪೇನಿದೆ, ದುಡ್ಡು ಎಲ್ಲಿದೆಯೋ ಕೈ ಅಲ್ಲಿಗೆ ಹೋಗುತ್ತದೆ ಅಲ್ವಾ? ಶೆಡ್ಯೂಲ್ ಪ್ರಕಾರ ಮಾಲು ಹೋದರೆ ಇಡೀ ಶೆಡ್ಡಿಗೆ ಇನ್ಸೆಂಟಿವ್ ಅಂತ ಬದಲಿಸಿದ ಮೇಲೆ ಆ ಮಾತು ನಿಂತಿತು. ಹೆಲ್ಪರ್ ಹುಡುಗನೇ ನಾಳೆಯ ಟ್ರೇ ಇವತ್ತು ಸಂಜೆ ಜೋಡಿಸಿಡುತ್ತಾನೆ.

ಸ್ಪೀಡ್ ಏರಿಸಿ ಅಂತ ಸಲಹೆ ಕೊಡುವವರು ಬಹಳ. ಕಟಿಂಗ್ ಸ್ಪೀಡ್ ಶೇಕಡಾ 20 ಏರಿಸಿದರೆ ಕಾರ್ಬೈಡ್ ಇನ್ಸರ್ಟ್‌ನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಇದು ಅಮೆರಿಕದ ಎಂಜಿನಿಯರ್ ಟೇಲರ್ 1907ರಷ್ಟು ಹಿಂದೆಯೇ ಕೊಟ್ಟ ಸೂತ್ರದಿಂದ ಬರುವ ಲೆಕ್ಕ. ಹೋಗಲಿ, ಇನ್ಸರ್ಟ್ ಖರ್ಚಾದರೂ ಮಾಡೋಣ ಅಂದರೆ, ನಮ್ಮಲ್ಲಿ ಪೀಸ್‌ಗಳು ಕಾಯುತ್ತಿದ್ದದ್ದು ಲೇತ್ ಮುಂದೆ ಅಲ್ಲ, ಅಂಚಿನ ಚೂಪು (ಬರ್) ತೆಗೆದು ಅಳತೆ ನೋಡುವ ಟೇಬಲ್ ಮುಂದೆ. ಲೇತ್ ಇನ್ನೂ ಜೋರಾಗಿ ಓಡಿದ್ದರೆ ಆ ರಾಶಿ ದೊಡ್ಡದಾಗುತ್ತಿತ್ತು ಅಷ್ಟೇ. ಆ ಟೇಬಲ್‌ಗೆ ಇನ್ನೊಬ್ಬರನ್ನು ಹಾಕಿದೆ. ಸೈಕಲ್ ಟೈಮ್, ಅಂದರೆ ಒಂದು ಪೀಸ್‌ಗೆ ಮಷಿನ್ ತೆಗೆದುಕೊಳ್ಳುವ ಹೊತ್ತು, ಒಂದು ಸೆಕೆಂಡೂ ಇಳಿಯಲಿಲ್ಲ, ಮಾಲು ಮಾತ್ರ ಬೇಗ ಹೋಗತೊಡಗಿತು.

ಹಾಗಂತ ಎಲ್ಲದಕ್ಕೂ ಇದೇ ರೀತಿ ಅಲ್ಲ. ಒಂದು ಹಿತ್ತಾಳೆ ನಟ್ ಇದೆ, ವರ್ಷವಿಡೀ ಒಂದೇ ಡ್ರಾಯಿಂಗ್, ಎಷ್ಟು ಮಾಡಿದರೂ ತೆಗೆದುಕೊಳ್ಳುತ್ತಾರೆ. ಅದನ್ನು ಎರಡನೇ ಲೇತ್‌ನಲ್ಲಿ ನಿಲ್ಲಿಸದೆ ಓಡಿಸುತ್ತೇನೆ, ಅಲ್ಲಿ ಸೆಕೆಂಡ್ ಸೆಕೆಂಡಿಗೂ ಜಿಪುಣ ನಾನು. ಪೀಣ್ಯದ ಹಳೇ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತದೆ.

ಗಿರಾಕಿ ಕಂಪನಿಯ ಪರ್ಚೇಸ್‌ನವರ ಜೊತೆ ಜಗಳ ಈಗಲೂ ಇದೆ. ಅವರು ಸೈಕಲ್ ಟೈಮನ್ನು ಮಷಿನ್ ಗಂಟೆ ರೇಟಿಗೆ ಗುಣಿಸಿ ‘ಇಷ್ಟೇ ಕೊಡ್ತೀವಿ’ ಅನ್ನುತ್ತಾರೆ. ಸರಿಯಾದ ದಿನಕ್ಕೆ ಮಾಲು ಬಂತು ಅನ್ನುವುದಕ್ಕೆ ಅವರ ಎಕ್ಸೆಲ್ ಶೀಟಿನಲ್ಲಿ ಕಾಲಂ ಇಲ್ಲ. ಹಾಗಾಗಿ ಈ ಸಲ ಮಾತಿಗೆ ಹೋಗುವಾಗ ನಮ್ಮ ಡೆಲಿವರಿ ಚಲನ್‌ಗಳ ಫೈಲನ್ನೂ ಅವರದೇ ಶೆಡ್ಯೂಲನ್ನೂ ಒಟ್ಟಿಗೆ ಒಯ್ದಿದ್ದೆ. ನಟ್‌ಗೆ ಸ್ವಲ್ಪ ಇಳಿಸಿಕೊಟ್ಟೆ, ಸ್ಲೀವ್‌ನ ರೇಟ್ ಹಾಗೇ ಉಳಿಯಿತು.