ಓತಿಕ್ಯಾತದ ಬಿಸಿಲಿನ ಲೆಕ್ಕ, ನಮ್ಮ ಹೊಲದಾಗ ನಾ ಅಳದದ್ದು

ನಮ್ಮ ಹೊಲ ಗದಗಿನಿಂದ ಮುಳಗುಂದಕ್ಕ ಹೋಗೋ ದಾರ್ಯಾಗ ಐತ್ರಿ, ಎರಿ ಭೂಮಿ, ಬದುವಿನ ಮ್ಯಾಲೆ ನಾಕು ಬೇವಿನ ಗಿಡ, ಒಂದಿಷ್ಟು ಜಾಲಿ, ಸುತ್ತ ಕಲ್ಲಿನ ಕಂಬದ ಬೇಲಿ. ಏಪ್ರಿಲ್ ಬಂತಂದ್ರ ಆ ಕಂಬದ ಮ್ಯಾಲೆ ಗಂಡು ಓತಿಕ್ಯಾತ ಕುತಗಿ ಕೆಂಪಗ ಮಾಡ್ಕೊಂಡು ಗರಡಿಮನಿ ಪೈಲ್ವಾನನಂಗ ದಂಡ ಹೊಡ್ಯಾಕ ಶುರು ಮಾಡ್ತಾವ. ಜಾಗಾ ಕಾಯೋದು, ಹೆಣ್ಣಿನ ಕಣ್ಣಿಗೆ ಬೀಳೋದು ಎಲ್ಲಾ ಬಿಸಿಲಾಗನ ಆಗ್ಬೇಕು, ಆದ್ರ ಅದಕ್ಕ ನಮ್ಮಂಗ ಬೆವರೂ ಬರಂಗಿಲ್ಲ. ಮುಂಜಾನೆ ಮೈ ಕಪ್ಪಗ ಮಾಡ್ಕೊಂಡು ಬಿಸಿಲು ಹೀರ್ತೈತಿ, ಬಿಸಿಲೇರಿದಂಗ ಬಣ್ಣ ತೆಳುವಾಗ್ತೈತಿ, ಆಮ್ಯಾಲೆ ಬಾಯಿ ತಕ್ಕೊಂಡು ಕುಂಡರ್ತೈತಿ, ಅದೂ ಸಾಲಲಿಲ್ಲಂದ್ರ ನೆರಳಿಗೆ ಇಳೀತೈತಿ, ಅಷ್ಟ.

ಅದರ ಮೈ ಎಷ್ಟು ಕಾಯ್ತೈತಿ ನೋಡಾಕ ಮೊದಲಿಗೆ ನಾ, ಮುಟ್ಟದನ ಬಿಸಿ ಅಳಿಯೋ ಇನ್‌ಫ್ರಾರೆಡ್ ಗನ್ ತಗೊಂಡು ದೂರದಿಂದ ಹಿಡಿದೆ, 50 ಡಿಗ್ರಿ ಮ್ಯಾಲೆ ತೋರಿಸ್ತು, ಗಾಬರಿಯಾದೆ. ನೋಡಿದ್ರ ಅದು 12:1 ಗನ್ನು, ಹನ್ನೆರಡು ಅಡಿ ದೂರ ನಿಂತ್ರ ಒಂದು ಅಡಿ ಅಗಲದ ವೃತ್ತ ಓದ್ತೈತಿ, ಅಂದ್ರ ನಾ ಅಳದದ್ದು ಕಲ್ಲಿನ ಬಿಸಿ. ಎರಡು ವಾರದ ನೋಟ್ಸ್ ಪೂರಾ ಬಿಟ್ಟೆ.

ಆಮ್ಯಾಲೆ ಪ್ಲಂಬಿಂಗ್ ಅಂಗಡಿಯಿಂದ ತಾಮ್ರದ ಪೈಪ್ ತಂದು ಓತಿಕ್ಯಾತದ ಮೈ ಅಳತಿಗೆ ಕತ್ತರಿಸಿ, ಒಳಗ ಸಣ್ಣ ಸೆನ್ಸಾರ್ ಇಟ್ಟು, ಎರಡೂ ಕಡೆ ಎಂಸೀಲ್ ಹಚ್ಚಿ, ಮ್ಯಾಲೆ ಬೂದಿಗಂದು ಬಣ್ಣ ಬಳದೆ. ಒಂದು ಪ್ರಾಣಿ ಹಂದಾಡ್ದನ ಅಲ್ಲೇ ಕುಂತ್ರ ಅದರ ಮೈ ಎಷ್ಟು ಕಾಯ್ತೈತಿ ಅನ್ನೋದು ಈ ಪೈಪ್ ಹೇಳ್ತೈತಿ, ಪ್ರಾಣಿ ಹಿಡಿಯೋ ಕೆಲಸನ ಇಲ್ಲ. ಒಂದು ಕಂಬದ ಮ್ಯಾಲೆ, ಒಂದು ಜಾಲಿ ಕೆಳಗ, ಒಂದು ಬೇವಿನ ಕೆಳಗ ಇಟ್ಟೆ. ಅಪಾಯದ ಗೆರಿ ಅಂತ 40 ಡಿಗ್ರಿ ಹಿಡಕೊಂಡೆ.

ಏಪ್ರಿಲ್ ಕಡೀ ವಾರದಾಗ ಕಂಬದ ಪೈಪ್ ಒಂಬತ್ತೂ ಮುಕ್ಕಾಲಿಗೇ 40 ದಾಟಿ, ಸಂಜಿ ನಾಕೂವರಿ ತನಕ ಇಳೀಲಿಲ್ಲ. ಹತ್ತಿರಹತ್ತಿರ ಏಳು ತಾಸು! ಬೇವಿನ ಕೆಳಗ 38 ದಾಟ್ಲಿಲ್ಲ. ನನಗ ಆಶ್ಚರ್ಯ ಆಗಿದ್ದು ಜಾಲಿದು, ಕಣ್ಣಿಗೆ ನೆರಳ ಐತಿ, ಆದ್ರ ಮಧ್ಯಾಹ್ನ ಅಲ್ಲೂ 42.

ಬಿಸಿಲಿಗೆ ಓತಿಕ್ಯಾತ ಅಲ್ಲೇ ಸಾಯ್ತೈತಿ ಅಂತಲ್ರಿ, ಅದು ನೆರಳಿಗೆ ಓಡ್ತೈತಿ, ಆದ್ರ ಅಲ್ಲಿ ಅಡಗಿ ಕುಂತಷ್ಟು ತಾಸು ಹುಳ ಹಿಡಿಯೋದಿಲ್ಲ, ಜೋಡಿ ಕೂಡೋದಿಲ್ಲ, ತತ್ತಿ ತುಂಬಿದ ಹೆಣ್ಣಿಗೆ ಹೊಟ್ಟಿಗೆ ಸಾಲಂಗಿಲ್ಲ. ಮೆಕ್ಸಿಕೋದಾಗ 200 ಜಾಗಾ ತಿರಗಿ ನೋಡಿದಾಗ 1975ರಿಂದ ಈಚೆ ಹಲ್ಲಿ ಜಾತಿಯ 12 ಪರ್ಸೆಂಟ್ ಸ್ಥಳೀಯ ಗುಂಪು ಇಲ್ಲವಾಗಿದ್ವು, ವಿಜ್ಞಾನಿ ಬ್ಯಾರಿ ಸಿನೆರ್ವೊ ಮತ್ತವರ ಜೊತಿಯವರು 2010ರಾಗ ಕೊಟ್ಟ ಕಾರಣನೂ ಇದನ, ಮರಿ ಮಾಡೋ ತಿಂಗಳಾಗ ಕಳಕೊಂಡ ತಾಸು.

ಅಣ್ಣ ಬದು ಸ್ವಚ್ಛ ಮಾಡೋಣು, ಬೇವು ಕಡಿಸೋಣು ಅಂತಿದ್ದ. ಗ್ರಾಫ್ ತೋರಿಸಿ, ಬ್ಯಾಡ ಅಣ್ಣಾ ಅಂತ ಕೈ ಮುಗದೆ, ಒಪ್ಪಿದ.

ಜೂನ್ ಮಳಿ ಬಿದ್ದ ಮರುದಿನ ಒಂದು ಹೆಣ್ಣು ಬೇವಿನ ನೆರಳಿನ ಅಂಚಿನಾಗ ಕುಣಿ ತೋಡಿ ತತ್ತಿ ಇಟ್ಟು ಮುಚ್ಚಿತು. ಈ ಜಾತಿಯೊಳಗ ತತ್ತಿಗೆ ತಾಗೋ ಬಿಸಿ ಮ್ಯಾಲೆ ಗಂಡು ಹೆಣ್ಣು ಆಗ್ತಾವ, ಸುಮಾರು 31.5 ಡಿಗ್ರಿಗೆ ಹೆಣ್ಣು ಜಾಸ್ತಿ, 34ಕ್ಕ ಗಂಡು ಜಾಸ್ತಿ. ಎರಡೂವರಿ ಡಿಗ್ರಿ ಫರಕು, ಅಷ್ಟ! ಕುಣಿ ಮುಟ್ಟಲಿಲ್ಲ, ಮೊಳ ದೂರದಾಗ ಅಷ್ಟೇ ಆಳಕ್ಕ ಒಂದು ಸೆನ್ಸಾರ್ ಹುಗದೇನಿ, ದಿನಾ ಸಂಜಿ ಓದಿ ಬರಕೊಳ್ಳಾಕತ್ತೇನಿ.